ಬಾಗಿಲು ಹಾಕಿದ ಮೇಲಿನ ಆಟ

ರಿಲ್ ಊರಿನ ಕಡಲದಂಡೆಗೆ ಬೆನ್ನು ಹಾಕಿದ ಓಣಿಯಲ್ಲಿ
ನನ್ನ ಅಂಗಡಿ. ಟೀ ಶರ್ಟಿಗೆ ಅಚ್ಚು ಹಾಕುತ್ತೇನೆ.
ಜಾಲರಿ ಚೌಕಟ್ಟು, ರಬ್ಬರಿನ ಪಟ್ಟಿ, ಡಬ್ಬಿ ತುಂಬ ಹಸಿರು ಶಾಯಿ;
ಒಂದೇ ಎಳೆತ, ಎರಡಿಲ್ಲ.
ಎರಡನೆಯ ಸಲ ಕೈ ನಡುಗಿತೋ
ಏಡಿಗೆ ಹದಿನಾರು ಕಾಲು.

ಏಡಿಯೇ ಹೆಚ್ಚು ಖರ್ಚಾಗುವುದು. ಚಂದ್ರನ ಏಡಿಗಳು,
ಎಂಬತ್ತೆರಡರ ಆಟ. ಮೇಲಿಂದ ಸಾಲುಸಾಲು ಇಳಿಯುತ್ತಿದ್ದವು
ಟಕ್, ಟಕ್, ಟಕ್,
ಇಳಿದಷ್ಟೂ ಬೇಗ ಬೇಗ,
ನಮ್ಮೆದೆಯೂ ಅದೇ ತಾಳಕ್ಕೆ.
ಚೌಕ ಚುಕ್ಕಿ ಜೋಡಿಸಿ ಮಾಡಿದ ಏಡಿ,
ಅಜ್ಜಿ ಸ್ವೆಟರಿನ ಮೇಲೆ ಹೆಣೆದಂಥದು.

ಈಗ ಕೊಳ್ಳುವವರು ಇಪ್ಪತ್ತರ ಹುಡುಗರು.
"ಆಡಿದ್ದೀಯೇನಪ್ಪಾ?" ಎಂದರೆ
"ಇಲ್ಲ, ಏಡಿ ಮುದ್ದಾಗಿದೆ."
ಮುದ್ದಂತೆ!
ಪೇಪರ್ ಹಾಕಿ ಗಳಿಸಿದ ನನ್ನ ಒಂದಿಡೀ ಬೇಸಿಗೆಯನ್ನು
ಹತ್ತು ಹತ್ತು ಪೆನ್ಸಾಗಿ ನುಂಗಿದ ಪ್ರಾಣಿ ಅದು.

ಒಂದು ಮಾತು ಮಾತ್ರ ಹೇಳುತ್ತೇನೆ, ಯಾರೂ ಕೇಳದಿದ್ದರೂ:
ಎಂಬತ್ತಮೂರರ ಆಗಸ್ಟು, ರಜೆಯ ಸೋಮವಾರ,
ಮರ್ಮೇಡ್ ಆರ್ಕೇಡಿನ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ
ಮೂರಕ್ಷರ ಮಿನುಗುತ್ತಿದ್ದವಲ್ಲ, ಐ. ಎಫ್. ಎ.,
ಅದು ನಾನು, ಇಫಾನ್.
ಸಾಕ್ಷಿ? ಎಲ್ಲಿಯ ಸಾಕ್ಷಿ.
ಹತ್ತಕ್ಕೆ ನಮ್ಮನ್ನೆಲ್ಲ ಹೊರಗಟ್ಟಿ ಡಿಲಿಸ್
ಗೋಡೆಯ ದೊಡ್ಡ ಸ್ವಿಚ್ಚು ಕೆಳಗೆಳೆದರೆ
ಹೆಸರು, ಅಂಕ, ಏಡಿ, ಚಂದ್ರ, ಎಲ್ಲ ಒಂದೇ ಕಪ್ಪು.
ಬೆಳಗಾದರೆ ಎಲ್ಲರೂ ಸೊನ್ನೆ.

ಡಿಲಿಸ್ ಎಂದರೆ ಚಿಲ್ಲರೆ ಗೂಡಿನ ಹೆಂಗಸು.
ಗಾಜಿನ ಹಿಂದೆ, ನಾಣ್ಯದ ಕರಿ ಹಿಡಿದ ಬೆರಳು;
ಪೌಂಡಿನ ನೋಟು ತಿರುಗಿಸಿ ಮುರುಗಿಸಿ ನೋಡಿ
ಹತ್ತು ನಾಣ್ಯ ಜಾರಿಸುವಳು. ನಗು ಜಾರಿಸಿದ್ದು ಕಾಣೆ.
ನಾವು ಅವಳಿಗಿಟ್ಟ ಹೆಸರು ಇಲ್ಲಿ ಬರೆಯುವಂಥದಲ್ಲ.

ಹೋದ ಗುರುವಾರ ಬಂದಳು. ಎಂಬತ್ತಾಗಿದೆ.
ಮಳೆಕೋಟು, ಚಕ್ರದ ಚೀಲ.
ಗೋಡೆಯ ಏಡಿಗಳನ್ನು ಒಂದೊಂದಾಗಿ ನೋಡಿದಳು
ಬಾಡಿಗೆ ಉಳಿಸಿಕೊಂಡವರನ್ನು ನೋಡುವ ಹಾಗೆ.
"ಬಣ್ಣ ತಪ್ಪು. ಮೇಲಿನ ಸಾಲು ನೇರಳೆ."
ಹೌದಲ್ಲ, ನೇರಳೆ!

ನಾನು ನನ್ನ ಸೋಮವಾರದ ಕತೆ ತೆಗೆದೆ.
ಪೂರ್ತಿ ಕೇಳಿಸಿಕೊಂಡಳು.
ಆಮೇಲೆ ಚೀಲದಿಂದ ಒಂದು ನೋಟ್‌ಬುಕ್ಕು,
ಹಾಲಿನ ಲೆಕ್ಕದ್ದು. ಹಿಂದಿನ ಪುಟಗಳಲ್ಲಿ
ಪೆನ್ಸಿಲಿನ ತಾರೀಖು, ಮೂರಕ್ಷರ, ಅಂಕ.
"ಆರಿಸುವ ಮುಂಚೆ ಬರೆದಿಡುತ್ತಿದ್ದೆ.
ಪಾಪ, ಹುಡುಗರು."

ಇತ್ತು. ನನ್ನ ಹೆಸರು ಇತ್ತು.
ಎರಡನೆಯದಾಗಿ.
ಅದರ ಮೇಲೆ ಡಿ. ಐ. ಎಲ್.,
ಒಂದು ಲಕ್ಷದ ಎಂಬತ್ತೇಳು ಸಾವಿರದ ನಾನೂರ ಐವತ್ತು.
ನನ್ನದು ಅದರ ಅರ್ಧವೂ ಅಲ್ಲ.

"ಶಟರ್ ಎಳೆದ ಮೇಲೆ," ಎಂದಳು.
"ಯಂತ್ರದ ಕೀಲಿ ನನ್ನ ಹತ್ತಿರವೇ ಇತ್ತಲ್ಲ, ಕಾಸು ಬೇಡ.
ಕಡೆಯ ಬಸ್ಸು ಹನ್ನೊಂದೂವರೆಗೆ.
ಅಷ್ಟು ಬೇಗ ಮನೆಗೆ ಹೋಗಿ ಏನು ಮಾಡಲಿ?"
ಮನೆಯ ಬಗ್ಗೆ ಅಷ್ಟೇ ಹೇಳಿದ್ದು. ನಾನೂ ಕೆದಕಲಿಲ್ಲ.
ನಲವತ್ತು ಯಂತ್ರಗಳ ಕತ್ತಲಲ್ಲಿ ಒಂದೇ ಒಂದು ಪರದೆ,
ಚಪ್ಪಲಿ ಬಿಟ್ಟು ನಿಂತ ಹೆಂಗಸು, ಟಕ್, ಟಕ್,
ಹೊರಗೆ ಕಡಲು.
ಗೆದ್ದು, ಬರೆದು, ತನ್ನ ಹೆಸರನ್ನು ತಾನೇ ಆರಿಸಿ
ಬಸ್ಸಿಗೆ ಓಡಿದವಳು.

"ಒಂದು ಬೇಕು. ಚಿಕ್ಕ ಅಳತೆ.
ಏಡಿ ಬೇಡ, ಅಂಕ ಸಾಕು."
ಕಪ್ಪು ಬಟ್ಟೆ. ನೇರಳೆ ಶಾಯಿ ಇರಲಿಲ್ಲ, ಕಲಸಿದೆ.
ಒಂದೇ ಎಳೆತ.
ದುಡ್ಡು ಬೇಡವೆಂದರೆ ಕೇಳಲಿಲ್ಲ, ನೋಟು ಚಾಚಿದಳು.
ನಾನು ಕೊಟ್ಟ ಚಿಲ್ಲರೆಯನ್ನು
ಎರಡು ಸಲ ಎಣಿಸಿದಳು.
ಅಲ್ಲೇ ತೊಟ್ಟು, ಮೇಲೆ ಕೋಟಿನ ಗುಂಡಿ ಕತ್ತಿನವರೆಗೂ ಹಾಕಿ
ಗಾಳಿಗೆ ತಲೆ ತಗ್ಗಿಸಿ ಹೋದಳು.

ಇವತ್ತೊಬ್ಬ ಹುಡುಗ ಬಂದ. ಅಭ್ಯಾಸಬಲ,
ಆಗಸ್ಟು, ಸೋಮವಾರ, ಮರ್ಮೇಡ್ ಆರ್ಕೇಡು, ಎಂದು ಶುರುಮಾಡಿ
"ಎರಡನೆಯವನು," ಎಂದು ಮುಗಿಸಿದೆ.
ಇಷ್ಟು ವರ್ಷಕ್ಕೆ ಮೊದಲ ಬಾರಿ
ಒಬ್ಬ ಫೋನಿನಿಂದ ತಲೆ ಎತ್ತಿ ಕೇಳಿದ:
"ಮತ್ತೆ ಮೊದಲು ಯಾರು?"