ಬಲೆಕಣ್ಣು

ಪ್ಲಾಟಿನಂ ತಂತಿಯ ಮೇಲೆ ರಾತ್ರಿಯೆಲ್ಲ ಒಣಗಿದ ಕೊಬ್ಬು
ನೀರು ಕುಡಿದು, ಕರೆಂಟಿಗೆ ನಡುಗಿ,
ಗುಳ್ಳೆ ಗುಳ್ಳೆಯಾಗಿ ಕಳಚಿ ತೇಲುತ್ತದೆ.
ಲೆಯೋವಾದ ಗುಡ್ಡದ ಮೇಲೆ, ಕತ್ತಲೆ ಕೋಣೆಯಲ್ಲಿ,
ನೆಕಾನೆ ಎಣಿಸುತ್ತಾಳೆ:
ಹಸಿರು ಬೆಳಕಿನ ಕೆರೆಯಲ್ಲಿ
ಹದಿನಾಲ್ಕು ಕಪ್ಪು ನಾಣ್ಯ.

ಗೋಡೆ ಎಂದರೆ ಎರಡೇ ಅಣುವಿನ ದಪ್ಪ.
ಒಳಗೆ ಸಕ್ಕರೆ ನೀರು ಬಿಟ್ಟು ಏನೂ ಇಲ್ಲ.
ಆದರೂ ಒಳಗೆ ಎಂಬುದೊಂದು ಇದೆಯಲ್ಲ,
ಅದೇ ದೊಡ್ಡದು.

ಪಿಪೆಟ್ಟಿನ ತುದಿಯಿಂದ ಮೊದಲು ಬ್ಯಾಕ್ಸ್ ಬಿಟ್ಟಳು.
ಪಾಪದ ಪ್ರಾಣಿ. ಕೋಶದೊಳಗೆ ದಿನಗಟ್ಟಲೆ
ಬಾಲ ಬಗಲಿಗೆ ಸಿಕ್ಕಿಸಿಕೊಂಡು ಅಲೆಯುತ್ತದೆ,
ಗೋಡೆ ಮೂಸಿ ಹಿಂದಿರುಗುತ್ತದೆ.
ಹತ್ತು ನಿಮಿಷ. ಏನೂ ಇಲ್ಲ.
ಆಮೇಲೆ ಇನ್ನೊಂದು ಹನಿ. ಅದರ ಹೆಸರು ಬಿಡ್.
ಕನ್ನಡದಲ್ಲಿ ಬರೆಯುವವನಿಗೆ ಇದು ಪುಕ್ಕಟೆ ಲಾಭ:
ಅದು ಬಂದು ಹೇಳುವುದೂ ಅಷ್ಟೇ,
ಬಿಡು.

ಬಾಲ ಸಡಿಲಿತು.
ಎಣ್ಣೆಗೆ ಬೆರಳದ್ದಿದ ಹಾಗೆ ಗೋಡೆಗೆ ಇಳಿಯಿತು,
ಒಂದರ ಬೆನ್ನಿಗೆ ಒಂದು, ಬಾಗಿ, ಬಿಲ್ಲಾಗಿ,
ಕೆಲವು ಬಳೆಯಾಗಿ, ಕೆಲವು ಅರ್ಧಕ್ಕೇ ನಿಂತು.
ಕೊಬ್ಬೂ ಸುಮ್ಮನಿರಲಿಲ್ಲ;
ಅಂಚಿಗೆ ಮಡಚಿ ತಾನೇ ತೂತಿನ ಹೊಸಿಲಾಯಿತು.
ಹೊಡೆದು ಒಡೆದದ್ದಲ್ಲ ಇದು,
ಇಬ್ಬರೂ ಸೇರಿ ತೆರೆದದ್ದು.
ಒಂದು ನಾಣ್ಯ ಮೆಲ್ಲಗೆ ಹಸಿರಾಯಿತು.
ನಾಲ್ಕು ಗಂಟೆ ಏಳು ನಿಮಿಷ, ಬರೆದುಕೊಂಡಳು.

ನಿಜವಾದ ಕೋಶವಾಗಿದ್ದರೆ ಇಷ್ಟು ಹೊತ್ತಿಗೆ
ಮೈಟೋಕಾಂಡ್ರಿಯದಿಂದ ಸೈಟೋಕ್ರೋಮ್ ಸೋರಿ
ಮರಳುವ ದಾರಿ ಮುಚ್ಚಿರುತ್ತಿತ್ತು.
ಮನೆ ತನ್ನನ್ನು ತಾನೇ ಗಂಟು ಕಟ್ಟಿ ಇಟ್ಟರೆ
ಸಂಜೆಯೊಳಗೆ ನೆರೆಯವರು ತಿಂದು ಮುಗಿಸುವರು.
ಕೂಗಿಲ್ಲ, ಬಾವಿಲ್ಲ.

ಭಾನುವಾರ ಬೆರ್ಮೆಯೋ ಬಂದರು. ಸಿರಿಮಿರಿ:
ಮಳೆ ಎನ್ನಲಾಗದ, ಇಬ್ಬನಿ ಎನ್ನಲಾಗದ ಅಲ್ಲಿನ ಹನಿ.
ಕಲ್ಲುಹಾಸಿನ ಮೇಲೆ ಬಂಗುಡೆಯ ಬಲೆ ಹರಡಿ
ಕೊಂಚಿ ಕೂತಿದ್ದಾಳೆ, ನೆಕಾನೆಯ ಅಮ್ಮ, ಎಪ್ಪತ್ತೊಂದು.
ಎಡಗೈಯ ನಡುಬೆರಳೂ ಉಂಗುರಬೆರಳೂ
ಹುಟ್ಟಿದಾಗಿನಿಂದ ಒಂದೇ ತೊಗಲಿನಲ್ಲಿ.
ಆ ಜೋಡಿಬೆರಳನ್ನೇ ಅಳತೆಗೋಲು ಮಾಡಿ,
ಹುರಿ ಸುತ್ತಿ, ಒಂದೊಂದೇ ಕಣ್ಣು ಕಟ್ಟುತ್ತಾಳೆ.
ಅವಳ ಕಣ್ಣು ತಪ್ಪುವುದಿಲ್ಲವೆಂದು
ಮೂರು ದೋಣಿಯವರು ಬಲೆಯನ್ನು ಬೇರೆಯವರಿಗೆ ಕೊಡುವುದಿಲ್ಲ.

"ಗರ್ಭದಲ್ಲಿ ಎಲ್ಲರ ಕೈಯೂ ಮೊದಲು
ದೋಣಿಯ ಹುಟ್ಟಿನ ಹಾಗೆ ಚಪ್ಪಟೆ, ಅಮ್ಮಾ.
ನಡುವಿನ ಕೋಶ ಸತ್ತು ಬೆರಳು ಬಿಡುತ್ತವೆ.
ನಿನ್ನಲ್ಲಿ, ಇಲ್ಲಿ, ಅವು ಸಾಯಲಿಲ್ಲ."

ಕೊಂಚಿ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು,
ಬೇರೆ ಯಾರದೋ ಕೈ ಎಂಬಂತೆ.
"ಹಾಗಾದರೆ ಅವಕ್ಕೂ ಸಂಬಳ ಕೇಳಬೇಕಿತ್ತು."
ಹುರಿ ಹಲ್ಲಿಂದ ಕಡಿದಳು.
ಆಮೇಲೆ ಹರಿದ ಜಾಗಕ್ಕೆ ಮುಷ್ಟಿ ತೂರಿಸಿ,
"ಇದು ತೂತು," ಅಂದಳು.
ಪಕ್ಕದ್ದಕ್ಕೆ ಕಿರುಬೆರಳು ಹಾಕಿ, "ಇದು ಕಣ್ಣು.
ಮರಿಮೀನನ್ನು ಬಿಡುತ್ತದೆ.
ನಿನ್ನದು ಯಾವುದು?"

ನೆಕಾನೆಗೆ ಉತ್ತರ ಗೊತ್ತಿತ್ತು. ಬಾಯಿಗೆ ಬರಲಿಲ್ಲ.
ಸೂಜಿ ತಗೊಂಡು ತಾನೊಂದು ಗಂಟು ಹಾಕಿದಳು;
ಅದು ಜಾರಿತು.
ಅಮ್ಮ ಮಾತಾಡದೆ ಬಿಚ್ಚಿ ಮತ್ತೆ ಕಟ್ಟಿದಳು.

ಸೋಮವಾರ ಚಿತ್ರಗಳನ್ನು ಮತ್ತೊಮ್ಮೆ ನೋಡಿದಳು.
ಹದಿನಾಲ್ಕರಲ್ಲಿ ಹದಿಮೂರು ಹಸಿರು.
ಒಂದು ಮಾತ್ರ ರಾತ್ರಿಯಿಡೀ ಕಪ್ಪಗೆ,
ಸುತ್ತಲೂ ಬ್ಯಾಕ್ಸ್ ಮುತ್ತಿಕೊಂಡಿದ್ದರೂ, ಬಿಡದೆ.
ಇಂಥದ್ದನ್ನು ಲೆಕ್ಕದಿಂದ ತೆಗೆಯುವುದು ರೂಢಿ.
ಅವಳು ಪಟ್ಟಿಗೆ ಸೇರಿಸಿದಳು,
ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಸಣ್ಣಗೆ
ಕೊಂ, ಎಂದು ಬರೆದು.