ನೂರ ಇಪ್ಪತ್ತು ಮೊಟ್ಟೆ

ಮೊದಲು ಮೊಟ್ಟೆ.
ಹನ್ನೊಂದು ಜನ, ಒಂಬತ್ತು ಹಗಲು:
ದಿನಕ್ಕೆ ತಲೆಗೊಂದರಂತೆ ತೊಂಬತ್ತೊಂಬತ್ತು.
ಸುರ್ಖೇತಿನಿಂದ ನದಿಯವರೆಗಿನ ಜೀಪಿನ ಕುಲುಕಾಟಕ್ಕೆ ಹನ್ನೆರಡು,
ಮೊದಲ ದೊಡ್ಡ ಅಲೆಗೆ ಒಂಬತ್ತು.
ನೂರ ಇಪ್ಪತ್ತು ಎಂದು ಬರೆದೆ.
ಹೊಟ್ಟಿನಲ್ಲಿ ಹೂತಿಟ್ಟರೆ ಒಂದೂ ಒಡೆಯುವುದಿಲ್ಲ
ಅನ್ನುತ್ತಾನೆ ಅಡುಗೆಯ ತಿಲಬಿಕ್ರಮ.
ಹೋದ ವರ್ಷವೂ ಅಂದಿದ್ದ.
ಐದನೆಯ ದಿನ ಹೊಟ್ಟು ಮೆತ್ತಿದ್ದನ್ನೇ ಹುರಿದು ಬಡಿಸಿ
ಮಸಾಲೆ ಎಂದ.

ದಸಾಯಿ ಮುಗಿದಿದೆ. ಚಿಸಾಪಾನಿಯ ಈ ಕೋಣೆಯ ತುಂಬ
ರಬ್ಬರಿನ ದೋಣಿ ಮಗ್ಗುಲಾಗಿ ಮಲಗಿದೆ
ದಿನ ತುಂಬಿದ ಎಮ್ಮೆಯ ಹಾಗೆ.
ಸಾಬೂನಿನ ನೀರು ಸವರಿ, ಹೊಟ್ಟೆಗೆ ಕಿವಿಯಿಟ್ಟು ಕೂತಿದ್ದೇನೆ.
ಗುಳ್ಳೆ ಎದ್ದಲ್ಲಿ ತೇಪೆ.
ಅಂಟು ಒಣಗಲು ಒಂದು ರಾತ್ರಿ ಬೇಕು,
ಆ ರಾತ್ರಿಯನ್ನೂ ಪಟ್ಟಿಯಲ್ಲಿ ಬರೆಯಬೇಕು.

ಬರುವವರ ಪ್ರಶ್ನೆಗಳು ಬಂದಿವೆ.
ಕಕ್ಕಸಿಗೆ ಏನು ವ್ಯವಸ್ಥೆ?
ತಗಡಿನ ಡಬ್ಬಿ, ಬಿಗಿ ಮುಚ್ಚಳ, ಹಿಂದಿನ ದೋಣಿ.
ನಿಮ್ಮದು ನಿಮ್ಮ ಜೊತೆಯೇ ಊರಿಗೆ ವಾಪಸು ಬರುತ್ತದೆ.
ಡಾಲ್ಫಿನ್ ಕಾಣುವುದು ಖಾತ್ರಿಯೇ?
ಅವುಗಳಿಗೆ ನಾವು ಮುಂಗಡ ಕೊಟ್ಟಿಲ್ಲ.
ಮಧ್ಯದಲ್ಲಿ ಬೇಡವೆನಿಸಿದರೆ ಇಳಿದು ಹೋಗಬಹುದೇ?
ಹೋಗಬಹುದು. ದಾರಿ ಎರಡು ದಿನ ಏರು,
ಆಮೇಲೆ ದಾರಿಯೇ ಇಲ್ಲ.

ಕೊನೆಯದು ಜ್ಞಾನಶೋಭಾ ತುಲಾಧರ್ ಅವರದು,
ಅರವತ್ತೊಂದು, ಕಾಠ್ಮಂಡುವಿನ ಅಸನ್,
ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿ ನಿವೃತ್ತಿ.
ದುಂಡನೆಯ ಅಕ್ಷರ, ಒಂದೇ ಸಾಲು:
ಈಜು ಬಾರದವಳು ಬರಬಹುದೇ?

ಉತ್ತರವನ್ನು ಮೂರು ಸಲ ಬರೆದೆ.
ಜಾಕೆಟ್ಟು, ಹೆಲ್ಮೆಟ್ಟು, ಹಿಂದೆ ಮುಂದೆ ಕಾಯಲು ಇಬ್ಬರು
ಎಂದು ಬರೆದದ್ದನ್ನು ಹೊಡೆದು ಹಾಕಿದೆ.
ನನ್ನ ಅವ್ವ ಈ ನೀರಿನಲ್ಲೇ ಐವತ್ತು ವರ್ಷ ನಿಂತು
ಮರಳು ಜಾಲಿಸಿ ಚಿನ್ನದ ಕಣ ತೆಗೆದಳು,
ಅವಳಿಗೂ ಈಜು ಬಾರದು, ಎಂದು ಬರೆದೆ.
ಅದೂ ಪೂರ್ತಿ ನಿಜವಲ್ಲ:
ಮೊಣಕಾಲಿನವರೆಗಷ್ಟೇ ನದಿ ಅವಳದು,
ಅದರ ಮೇಲಿನದನ್ನು ಅವಳು ಕಣ್ಣೆತ್ತಿ ನೋಡುತ್ತಿರಲಿಲ್ಲ.
ಕೊನೆಗೆ ಬರೆದದ್ದು ಇಷ್ಟೇ:
ಬನ್ನಿ. ನಾನು ಕೂಗಿದಾಗ ಹಗ್ಗ ಹಿಡಿಯಿರಿ.
ಎರಡೂ ಕೈಯಲ್ಲಿ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ.
ನಮ್ಮ ಕಸುಬಿನಲ್ಲಿ ದಾಟುವ ಮಾತೇ ಇಲ್ಲ.
ಹೊಳೆಯ ಉದ್ದಕ್ಕೇ ಹೋಗುವುದು,
ಮರೆಯುವುದಕ್ಕೆ ಆಚೆ ದಡವೇ ಸಿಗುವುದಿಲ್ಲ.

ಇನ್ನು ನಕ್ಷೆ.
ಸೊಸೆಮುನಿಸು ಎಂದು ನಾವು ಕರೆಯುವ ಸುಳಿ ದಾಟಿ
ಎಡಕ್ಕೆ ಬಿಳಿ ಮರಳ ದಿಬ್ಬ: ಮೂರನೆಯ ರಾತ್ರಿ.
ಪೆನ್ಸಿಲ್ಲಿನ ಗುಂಡು ಗುರುತು, ಐದು ವರ್ಷ ತಿದ್ದಿಲ್ಲ.
ಆದರೆ ಈ ಮಳೆಗಾಲ ನದಿ ಎರಡು ಸಲ ಕೆಂಪಾಯಿತು.
ಅತ್ತೆ ಫೂಲಮತಿ ಆ ಕಡೆಗೇ ಮರಳು ಜಾಲಿಸಲು ಹೋಗಿದ್ದಾಳೆ.
ಒಂದು ಗೆರೆ ಸಿಗ್ನಲ್ ಸಿಗುವ ಬಂಡೆಯೊಂದಿದೆ,
ಸಂಜೆಗೆ ಅದನ್ನು ಹತ್ತುತ್ತಾಳೆ.

ಮರಳಿದೆಯಾ ಅತ್ತೆ?
ಇದೆ.
ಹಾಗಾದರೆ ಸರಿ.
ಇದೆ, ಆದರೆ ಬಲಕ್ಕಿದೆ. ಹೊತ್ತುಕೊಂಡು ಹೋಗಿ ಅಲ್ಲಿಟ್ಟಿದೆ.
ನಿನ್ನ ಎಡಗಡೆ ಈಗ ಬರೀ ಕಲ್ಲು, ಹಲ್ಲಿನ ಹಾಗೆ.

ರಬ್ಬರು ತಗೊಂಡೆ. ಗುಂಡು ಗುರುತು ಅಳಿಸಿದೆ.
ಸುಳಿಯ ನಂತರ ಬಲಕ್ಕೆ ತಿರುಗಲು
ಅರ್ಧ ನಿಮಿಷ ಮೊದಲೇ ಹುಟ್ಟು ಹಾಕಬೇಕು,
ಅಂದರೆ ಮುಂದೆ ಕೂರುವವರು ಬದಲಾಗಬೇಕು,
ಅಂದರೆ ಭಾರವಾದ ಇಬ್ಬರು ಜರ್ಮನರು ಹಿಂದಕ್ಕೆ,
ಮೊಟ್ಟೆ ಮುಂದಕ್ಕೆ.
ತಿಲಬಿಕ್ರಮ ತಲೆ ಮೇಲೆ ಕೈ ಹೊತ್ತ.
ಎಲ್ಲ ಮತ್ತೆ ಮೊದಲಿಂದ.

ಅಂಗೀಕಾರ ಪತ್ರದಲ್ಲಿ ಒಂದು ಕಾಲಂ ಇದೆ:
ಮಾಹಿತಿಯ ಮೂಲ.
ಉಪಗ್ರಹ ಚಿತ್ರ ಎಂದು ಬರೆದರೆ ಕಚೇರಿಯವರಿಗೆ ಖುಷಿ.
ಫೂಲಮತಿ ಸೋನಹಾ, ಬಂಡೆಯ ಮೇಲಿಂದ, ಎಂದು ಬರೆದೆ.

ಮತ್ತೆ ಫೋನು. ಗಾಳಿಯೇ ಹೆಚ್ಚು, ಮಾತು ಕಡಿಮೆ.
ಬಲದ ಮರಳ ಮೇಲೆ ನಾನೇ ಇರುತ್ತೇನೆ, ದೋಣಿ ನನ್ನ ಕಡೆ ತಿರುಗಿಸು,
ಮತ್ತೆ, ಬರುವಾಗ

ಕಡಿದು ಹೋಯಿತು.
ಪಟ್ಟಿಯ ಕೊನೆಗೆ, ಸೀಮೆಎಣ್ಣೆಯ ಕೆಳಗೆ,
ಊಹಿಸಿ ಸೇರಿಸಿದೆ:
ಹೊಗೆಸೊಪ್ಪು, ಎರಡು ಕಟ್ಟು,
ನೀರು ತಾಗದಂತೆ.