ಒಂದು ನಕಾರ

ಸಾಂತೊ ದೊಮಿಂಗೊ ಚೌಕದ ಕಮಾನಿನಡಿ
ಏಳನೇ ಮೇಜು ನನ್ನದು.
ಪಕ್ಕದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವನು,
ಎದುರಿಗೆ ಜೋಳದ ತೆನೆ ಸುಡುವ ಹೊಗೆ.
ಮೂವತ್ತೊಂದು ವರ್ಷದಿಂದ ಮೆಕ್ಸಿಕೋದವರ ಮಾತನ್ನು
ಈ ಟೈಪ್‌ರೈಟರಿನ ಹಲ್ಲಿಗೆ ಕೊಡುತ್ತಿದ್ದೇನೆ.
ಇದರ ಪೂರ್ಣವಿರಾಮ ಕಾಗದವನ್ನೇ ತೂತು ಮಾಡುತ್ತದೆ;
ನಾನು ಬರೆದ ಬಾಡಿಗೆ ಕರಾರನ್ನು ಬೆಳಕಿಗೆ ಹಿಡಿದರೆ
ನಕ್ಷತ್ರ ಕಾಣುತ್ತವೆ.

ತಪ್ಪು ಯಾಕಾಗುತ್ತೆ ಅಂತ ಕೇಳುತ್ತಾನೆ
ಕಲಿಯಲು ಬಂದ ನನ್ನ ತಂಗಿಯ ಮಗ, ನಬೋರ್.
ಬೆರಳು ದಪ್ಪ ಎನ್ನುತ್ತೇನೆ. ಊಟದ ಹೊತ್ತು ಎನ್ನುತ್ತೇನೆ.
ಎರಡೂ ನಿಜವೇ.
ಆದರೆ ಓಂಬ್ರೆ ಎಂದರೆ ಗಂಡಸು, ಆಂಬ್ರೆ ಎಂದರೆ ಹಸಿವು.
ಆ ಎರಡು ಸ್ವರ ಕೀಲಿಮಣೆಯ ಮೇಲೆ
ಒಂದು ಎಡಕ್ಕೆ, ಒಂದು ಬಲಕ್ಕೆ,
ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗಳ ಹಾಗೆ.
ಅಷ್ಟು ದೂರ ಬೆರಳು ಜಾರುವುದಿಲ್ಲ ಮಗನೇ,
ನಡೆದೇ ಹೋಗಬೇಕು.
ಹೋಗುತ್ತದೆ.

ಮನಸ್ಸು ಆಗಲೇ ಮುಂದಿನ ಸಾಲಿನಲ್ಲಿ ಕೂತಿರುತ್ತದೆ,
ಕೈ ಇನ್ನೂ ಹಿಂದಿನ ಪದದ ಬಾಗಿಲಲ್ಲಿ
ಚಪ್ಪಲಿ ಹುಡುಕುತ್ತಿರುತ್ತದೆ.
ಕಣ್ಣೋ, ಅದು ಸಾಲಗಾರನಲ್ಲ, ನೆಂಟ;
ಇರುವುದನ್ನು ಎಣಿಸದೆ
ಇರಬೇಕಾದ್ದನ್ನು ಕಂಡು ತೃಪ್ತಿಪಟ್ಟು ಹೊರಡುತ್ತದೆ.
ಅದಕ್ಕೇ ನನ್ನ ತಪ್ಪು ನನಗೆ ಕಾಣದು,
ಆರನೇ ಮೇಜಿನದು ರಸ್ತೆಯಾಚೆಯಿಂದಲೂ ಕಾಣುತ್ತದೆ.

ಮಂಗಳವಾರ ಬಂದಿದ್ದಳು ಎರ್ಮೆಲಿಂದಾ.
ನಲ್ಲಿ ಸಂಪರ್ಕಕ್ಕೆ ಅರ್ಜಿ.
ಹೆಸರು. ಓಣಿ. ವಯಸ್ಸು.
ಮದುವೆ?
ಕಸಾದಾ, ಅಂದಳು. ಆಗಿದೆ.
ಎರಡು ಖಾಲಿ ಡಬ್ಬ ಕಾಲ ಬಳಿ ಇಟ್ಟು ಕೂತವಳು
ಪ್ರತಿ ಉತ್ತರಕ್ಕೂ ಮೊದಲು ಒಮ್ಮೆ ಉಸಿರೆಳೆಯುತ್ತಿದ್ದಳು.

ಗುರುವಾರ ವಾಪಸು ಬಂದಳು.
ಕಚೇರಿಯಲ್ಲಿ ಎಲ್ಲ ನಕ್ಕರಂತೆ, ಯಾಕೆಂದು ಹೇಳಲಿಲ್ಲವಂತೆ.
ನೋಡಿದೆ. ಪದದ ನಡುವೆ ಒಂದು ನಕಾರ ನುಗ್ಗಿ ಕೂತಿದೆ:
ಕನ್ಸಾದಾ.
ದಣಿದವಳು.

ಓದಿ ಹೇಳಿದೆ. ಕಿವಿ ಬಿಸಿಯಾಯಿತು, ನನ್ನದು.
ಅವಳು ಕಾಗದ ಇಸಕೊಂಡು
ಎಲ್ಲಿ, ತೋರಿಸು, ಅಂದಳು.
ಓದು ಬಾರದ ಬೆರಳನ್ನು ಆ ಪದದ ಮೇಲಿಟ್ಟು
ಬಿಸಿ ಇದೆಯೇ ಎಂದು ನೋಡುವವಳಂತೆ ಇಟ್ಟೇ ಇದ್ದಳು.
'ಯಾರು ಹೇಳಿದರು ನಿನಗೆ?'
ಯಾರೂ ಇಲ್ಲ, ಕೈ ತಪ್ಪಿತು ಅಂದೆ.
'ಸುಳ್ಳೇನಲ್ಲ. ಆದರೆ ಅದಕ್ಕೆ ಅಲ್ಲಿ ಖಾನೆ ಇಲ್ಲವಂತಲ್ಲ.
ತೆಗೆದುಬಿಡು.'

ಹೊಸ ಕಾಗದ ಏರಿಸಿದೆ. ಇದಕ್ಕೆ ದುಡ್ಡಿಲ್ಲ ಅಂದೆ.
ಒಂದೊಂದೇ ಅಕ್ಷರ, ಕೋಳಿ ಕಾಳು ಹೆಕ್ಕಿದ ಹಾಗೆ.
ಆ ಪದ ಬಂದಾಗ ಉಸಿರು ಹಿಡಿದೆ;
ಸರಿಯಾಗಿ ಬಿತ್ತು, ಮದುವೆ ಆಯಿತು.
ಅದೊಂದನ್ನೇ ಕಾಯುತ್ತ ಕೂತವನಿಗೆ
ಮನೆಯ ನಂಬರು ತಪ್ಪಿದ್ದು ತಿಳಿಯಲೇ ಇಲ್ಲ.

ನಬೋರ್ ಕಂಡ.
ಅವಳೆದುರು ಏನೂ ಅನ್ನದೆ
ಬಿಳಿ ಬಣ್ಣದ ಶೀಶೆಯನ್ನು
ನನ್ನ ಮೊಣಕೈ ತನಕ ಸರಿಸಿದ.